ಕಾನೂನು ಪದವಿಗೆ ಮುನ್ನ ಫೌಂಡೇಷನ್ ವರ್ಷ: ಕೊಡಗಿನ ವಿದ್ಯಾರ್ಥಿಗಳು ಸಿದ್ಧರಾಗುವ ಬಗೆ

ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳು ಎಲ್‌ಎಲ್‌ಬಿ ಪದವಿಗೆ ನೇರ ಪ್ರವೇಶ ದೊರೆಯದ, ಅಥವಾ ದೊರೆತರೂ ಅದರ ಓದಿನ ಭಾರಕ್ಕೆ ಇನ್ನೂ ಅಣಿಯಾಗದ ವಿದ್ಯಾರ್ಥಿಗಳಿಗಾಗಿ ಫೌಂಡೇಷನ್ ವರ್ಷವೆಂಬ ಒಂದು ವರ್ಷದ ಸಿದ್ಧತಾ ಶಿಕ್ಷಣವನ್ನು ನಡೆಸುತ್ತವೆ. ಪದವಿಯ ಮೊದಲ ವರ್ಷಕ್ಕೂ ಹಿಂದಿನ ಮೆಟ್ಟಿಲಾದ ಕಾರಣ ಇದನ್ನು ‘ಇಯರ್ ಝೀರೋ’ ಎಂದೂ ಕರೆಯುತ್ತಾರೆ. ಇಂಗ್ಲೆಂಡಿನಲ್ಲಿ ಎಲ್‌ಎಲ್‌ಬಿ ಮೂರು ವರ್ಷಗಳದ್ದಾಗಿರುವುದರಿಂದ ಫೌಂಡೇಷನ್ ವರ್ಷ ಸೇರಿ ಒಟ್ಟು ನಾಲ್ಕು ವರ್ಷಗಳಾಗುತ್ತವೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ, ಕುಶಾಲನಗರಗಳ ಕಾಲೇಜುಗಳಲ್ಲಿ ಪಿಯುಸಿ ಓದುತ್ತಿರುವ, ಕಾನೂನಿನ ಕಡೆಗೆ ಮನಸ್ಸು ಮಾಡಿರುವ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಈ ದಾರಿಯನ್ನು ಹೇಗೆ ಪರಿಶೀಲಿಸಬೇಕು, ಅದನ್ನು ಆರಿಸಿಕೊಂಡರೆ ಹೊರಡುವ ಮೊದಲು ಊರಿನಲ್ಲಿ ಕುಳಿತೇ ಏನೇನು ಮಾಡಬಹುದು ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಎಲ್ಲಿ ವಕೀಲಿಕೆ ಮಾಡಬೇಕೆಂಬ ಪ್ರಶ್ನೆ ಮೊದಲು

ಯಾವ ವಿಶ್ವವಿದ್ಯಾಲಯ, ಎಷ್ಟು ಶುಲ್ಕ ಎಂದು ವಿಚಾರಿಸುವುದಕ್ಕೂ ಮೊದಲು, ಓದು ಮುಗಿದ ಮೇಲೆ ಯಾವ ನ್ಯಾಯಾಲಯದಲ್ಲಿ ನಿಂತು ವಾದಿಸಬೇಕೆಂಬ ಆಸೆ ನಿಮಗಿದೆ ಎಂಬುದನ್ನು ಮನೆಯವರೊಂದಿಗೆ ಕುಳಿತು ತೀರ್ಮಾನಿಸಿಕೊಳ್ಳಬೇಕು. ವೈದ್ಯಕೀಯವನ್ನೋ ಎಂಜಿನಿಯರಿಂಗನ್ನೋ ಓದಿದವರ ವಿದ್ಯೆಯ ಬಹುಪಾಲು ಎಲ್ಲ ದೇಶಗಳಿಗೂ ಸಲ್ಲುತ್ತದೆ; ಕಾನೂನು ಹಾಗಲ್ಲ, ಒಂದೊಂದು ದೇಶದ ಕಾನೂನು ಅಲ್ಲಲ್ಲಿಗೇ ಸೇರಿದ್ದು. ಬ್ರಿಟನ್ನಿನೊಳಗೇ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಒಂದು ಕಾನೂನು ವ್ಯವಸ್ಥೆಯಿದ್ದರೆ ಸ್ಕಾಟ್ಲೆಂಡಿಗೆ ಇನ್ನೊಂದಿದೆ.

ಭಾರತದಲ್ಲಿ ವಕೀಲರಾಗಿ ನೋಂದಾಯಿಸಿಕೊಳ್ಳುವುದನ್ನು 1961ರ ವಕೀಲರ ಅಧಿನಿಯಮ ನಿಯಂತ್ರಿಸುತ್ತದೆ. ವಿದೇಶದ ಕಾನೂನು ಪದವಿಯನ್ನು ಭಾರತೀಯ ವಕೀಲರ ಪರಿಷತ್ತು ಮಾನ್ಯ ಮಾಡಿದ್ದರೆ ಮಾತ್ರ ಅದು ಇಲ್ಲಿ ನಡೆಯುತ್ತದೆ. ಪಿಯುಸಿ ಮುಗಿಸಿ ನೇರವಾಗಿ ವಿದೇಶದಲ್ಲಿ ಮೂರು ವರ್ಷಗಳ ಎಲ್‌ಎಲ್‌ಬಿ ಪಡೆದು ಬಂದವರು ಭಾರತೀಯ ಕಾನೂನಿನ ಎರಡು ವರ್ಷಗಳ ಬ್ರಿಡ್ಜ್ ಕೋರ್ಸನ್ನು ಮುಗಿಸಿ, ಪರಿಷತ್ತು ನಡೆಸುವ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾಗುತ್ತದೆ. ಅದಾದ ಮೇಲೂ ಎಲ್ಲ ಹೊಸ ವಕೀಲರಂತೆ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಬರೆಯಬೇಕು. ಫೌಂಡೇಷನ್ ವರ್ಷ ಪದವಿಯ ಹಂತದ ಓದಲ್ಲವಾದ್ದರಿಂದ ಅದು ಈ ಲೆಕ್ಕದಲ್ಲಿ ಒಂದು ವರ್ಷವನ್ನು ಉಳಿಸಿಕೊಡುತ್ತದೆಂದು ಭಾವಿಸಿ ಹೊರಡಬಾರದು. ನೀವು ಸೇರಲಿರುವ ವಿಶ್ವವಿದ್ಯಾಲಯದ ಹೆಸರನ್ನೂ ಕೋರ್ಸಿನ ಹೆಸರನ್ನೂ ಬರೆದು ಪರಿಷತ್ತಿಗೆ ಲಿಖಿತವಾಗಿ ಕೇಳಿ, ಉತ್ತರವನ್ನು ಜೋಪಾನವಾಗಿಟ್ಟುಕೊಳ್ಳಬೇಕು.

ಹೀಗಾಗಿ, ಮಡಿಕೇರಿಯ ಜಿಲ್ಲಾ ನ್ಯಾಯಾಲಯದಲ್ಲೋ ಬೆಂಗಳೂರಿನ ಹೈಕೋರ್ಟಿನಲ್ಲೋ ವಕೀಲಿಕೆ ಮಾಡಬೇಕೆಂಬುದು ನಿಮ್ಮ ಸ್ಪಷ್ಟ ಗುರಿಯಾಗಿದ್ದರೆ, ಪಿಯುಸಿ ನಂತರದ ಐದು ವರ್ಷಗಳ ಕಾನೂನು ಪದವಿಯೇ ನಿಮಗೆ ಸರಿಯಾದದ್ದು ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಸಾಮಾನ್ಯ ವರ್ಗದವರಿಗೆ ಪಿಯುಸಿಯಲ್ಲಿ ಶೇಕಡಾ 45, ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 40 ಅಂಕಗಳಿದ್ದರೆ ಆ ಪದವಿಗೆ ಅರ್ಹತೆ ಬರುತ್ತದೆ. ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಮೈಸೂರು, ಮಂಗಳೂರುಗಳಲ್ಲಿವೆ. ಐದು ವರ್ಷಗಳ ಈ ಪದವಿಯ ಆರಂಭದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ ಮತ್ತು ಇಂಗ್ಲಿಷನ್ನು ಕಲಿಸುವುದರಿಂದ, ಫೌಂಡೇಷನ್ ವರ್ಷ ಮಾಡುವ ಕೆಲಸದ ಒಂದು ಪಾಲು ಅಲ್ಲಿಯೇ ನಡೆದುಹೋಗುತ್ತದೆ.

ಫೌಂಡೇಷನ್ ವರ್ಷ ಅರ್ಥಪೂರ್ಣವಾಗುವುದು ಇಂಗ್ಲೆಂಡಿನಲ್ಲಿಯೇ ಸಾಲಿಸಿಟರ್ (ಕಕ್ಷಿದಾರರಿಗೆ ಸಲಹೆ ಕೊಟ್ಟು ಅವರ ಕಾನೂನು ಕೆಲಸವನ್ನು ನಡೆಸುವ ವಕೀಲ) ಆಗಬೇಕೆಂದಿರುವವರಿಗೆ, ಅಂತರರಾಷ್ಟ್ರೀಯ ವ್ಯಾಪಾರ, ಮಧ್ಯಸ್ಥಿಕೆ, ಮಾನವ ಹಕ್ಕುಗಳ ಕ್ಷೇತ್ರಗಳಲ್ಲಿ ಕೆಲಸ ಮಾಡಬೇಕೆಂದಿರುವವರಿಗೆ, ಅಥವಾ ಸಂಶೋಧನೆ ಮತ್ತು ಬೋಧನೆಯ ಕಡೆಗೆ ಹೋಗುವವರಿಗೆ. ಇಂಗ್ಲೆಂಡಿನಲ್ಲಿ 2021ರಿಂದ ಸಾಲಿಸಿಟರ್ ಆಗಲು ಎಸ್‌ಕ್ಯೂಇ ಎಂಬ ಎರಡು ಭಾಗಗಳ ಪರೀಕ್ಷೆಯೂ ಎರಡು ವರ್ಷಗಳ ವೃತ್ತಿ ಅನುಭವವೂ ಬೇಕು ಎಂಬುದನ್ನು ಇವರು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಕೋರ್ಸನ್ನು ಆರಿಸುವಾಗ ಓದಬೇಕಾದ ಷರತ್ತುಗಳು

ಫೌಂಡೇಷನ್ ವರ್ಷದಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಪದವಿಯೊಳಗೇ ಸೇರಿಕೊಂಡಿರುವಂಥದ್ದು. ಅದರಲ್ಲಿ ನಾಲ್ಕು ವರ್ಷಗಳಿಗೂ ಒಂದೇ ಪ್ರವೇಶ ಇರುತ್ತದೆ. ಎರಡನೆಯದು ವಿದೇಶಿ ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕವಾಗಿ ನಡೆಸುವಂಥದ್ದು. ಅನೇಕ ಕಡೆ ಇದನ್ನು ವಿಶ್ವವಿದ್ಯಾಲಯದ ಆವರಣದಲ್ಲಿಯೇ ಖಾಸಗಿ ಸಂಸ್ಥೆಯೊಂದು ನಡೆಸುತ್ತದೆ. ಎರಡರಲ್ಲಿಯೂ ಫೌಂಡೇಷನ್ ವರ್ಷವನ್ನು ಪಾಸು ಮಾಡಿದ ಮಾತ್ರಕ್ಕೆ ಎಲ್‌ಎಲ್‌ಬಿಯ ಸ್ಥಾನ ಖಚಿತವಾಗುವುದಿಲ್ಲ. ಒಟ್ಟು ಸರಾಸರಿ ಎಷ್ಟಿರಬೇಕು, ಕಾನೂನಿನ ವಿಷಯದಲ್ಲಿ ಎಷ್ಟು ಬರಬೇಕು, ಇಂಗ್ಲಿಷಿನಲ್ಲಿ ಎಷ್ಟು ಬರಬೇಕು ಎಂಬ ಷರತ್ತುಗಳು ಒಂದೊಂದು ಕಡೆ ಒಂದೊಂದು ಬಗೆಯಾಗಿರುತ್ತವೆ. ಅಂಕ ಕಡಿಮೆಯಾದಾಗ ಕಾನೂನಿನ ಬದಲು ಬೇರೆ ಪದವಿಗೆ ಕಳುಹಿಸುವ ಪದ್ಧತಿಯೂ ಇದೆ, ಮತ್ತು ಒಂದು ವಿಶ್ವವಿದ್ಯಾಲಯದ ಫೌಂಡೇಷನ್ ವರ್ಷವನ್ನು ಇನ್ನೊಂದು ವಿಶ್ವವಿದ್ಯಾಲಯ ಒಪ್ಪಲೇಬೇಕೆಂಬ ನಿಯಮವಿಲ್ಲ. ಏಜೆಂಟರು ಬಾಯಿಮಾತಿನಲ್ಲಿ ಕೊಡುವ ಭರವಸೆಗಿಂತ ವಿಶ್ವವಿದ್ಯಾಲಯದ ಅಧಿಕೃತ ಪುಟದಲ್ಲಿ ಅಚ್ಚಾಗಿರುವ ಸಾಲುಗಳೇ ಪ್ರಮಾಣ. ಅವುಗಳನ್ನು ಮುದ್ರಿಸಿ, ದಿನಾಂಕ ಬರೆದು ಕಡತದಲ್ಲಿಟ್ಟುಕೊಳ್ಳಿ. ಕಾನೂನು ಓದಲು ಹೊರಟವರಿಗೆ ಒಪ್ಪಂದವೊಂದನ್ನು ಸೂಕ್ಷ್ಮವಾಗಿ ಓದುವ ಮೊದಲ ಅಭ್ಯಾಸವೂ ಇದೇ ಆಗುತ್ತದೆ.

ಇನ್ನೊಂದು ವಿಷಯವನ್ನೂ ವಿಚಾರಿಸಬೇಕು. ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಭಾರತೀಯ ವಿದ್ಯಾರ್ಥಿಗಳನ್ನು ಫೌಂಡೇಷನ್ ವರ್ಷವಿಲ್ಲದೆ ನೇರವಾಗಿ ಎಲ್‌ಎಲ್‌ಬಿಗೆ ತೆಗೆದುಕೊಳ್ಳುವ ವಿಶ್ವವಿದ್ಯಾಲಯಗಳೂ ಇವೆ. ಅಂಥ ಅರ್ಹತೆ ನಿಮಗಿದ್ದರೆ, ಒಂದು ವರ್ಷದ ಹೆಚ್ಚುವರಿ ಶುಲ್ಕವನ್ನು ಏಕೆ ತೆರಬೇಕೆಂದು ಯೋಚಿಸಿ.

ಓದುವ ಅಭ್ಯಾಸ

ಸಿದ್ಧತೆಯ ಹೃದಯಭಾಗ ಇಲ್ಲಿದೆ. ಪಿಯುಸಿಯವರೆಗೆ ನಮ್ಮ ಓದು ಬಹುಮಟ್ಟಿಗೆ ಉತ್ತರವನ್ನು ನೆನಪಿಟ್ಟುಕೊಳ್ಳುವ ಓದು. ಕಾನೂನಿನ ಫೌಂಡೇಷನ್ ವರ್ಷದಲ್ಲಿ ಪರೀಕ್ಷಿಸುವುದು, ಒಂದು ತೀರ್ಪನ್ನು ಮುಂದಿಟ್ಟಾಗ ಅದರ ಸಂಗತಿಗಳೇನು, ನ್ಯಾಯಾಲಯದ ಮುಂದಿದ್ದ ಪ್ರಶ್ನೆಯೇನು, ನ್ಯಾಯಾಧೀಶರು ಯಾವ ಕಾರಣದಿಂದ ಯಾವ ಉತ್ತರಕ್ಕೆ ಬಂದರು ಎಂಬುದನ್ನು ಬಿಡಿಸಿ ಹೇಳುವ ಶಕ್ತಿಯನ್ನು. ಈ ಶಕ್ತಿ ಹೊರಡುವ ಹಿಂದಿನ ಎರಡು ತಿಂಗಳಲ್ಲಿ ಬರುವಂಥದ್ದಲ್ಲ. ಎರಡನೆಯ ಪಿಯುಸಿಯ ಆರಂಭದಿಂದಲೇ ವಾರಕ್ಕೊಂದು ತೀರ್ಪಿನಂತೆ ಓದುತ್ತ ಬಂದರೆ ನಿಧಾನವಾಗಿ ಕೈಗೂಡುತ್ತದೆ.

ಇಂಗ್ಲೆಂಡಿನ ಕಾನೂನು ತರಗತಿಗಳಲ್ಲಿ ಬಹುಬೇಗ ಎದುರಾಗುವ ಡನಾಹ್ಯೂ ವಿರುದ್ಧ ಸ್ಟೀವನ್‌ಸನ್ ಮೊಕದ್ದಮೆಯಿಂದ ಆರಂಭಿಸಬಹುದು. 1928ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿಯ ಹೋಟೆಲೊಂದರಲ್ಲಿ ಮಹಿಳೆಯೊಬ್ಬರಿಗೆ ಅವರ ಸ್ನೇಹಿತರು ಶುಂಠಿಯ ಪಾನೀಯವನ್ನು ಕೊಡಿಸಿದರು. ಒಳಗಿರುವುದು ಕಾಣದ ಬಣ್ಣದ ಬಾಟಲಿ ಅದು. ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳು ಹೊರಬಂತು, ಅದರಿಂದ ತನಗೆ ಕಾಯಿಲೆಯಾಯಿತು ಎಂಬುದು ಆ ಮಹಿಳೆಯ ದೂರು. ಪಾನೀಯಕ್ಕೆ ಹಣ ಕೊಟ್ಟವರು ಅವರಲ್ಲವಾದ್ದರಿಂದ ಒಪ್ಪಂದದ ಆಧಾರದ ಮೇಲೆ ದಾವೆ ಹೂಡುವಂತಿರಲಿಲ್ಲ. ಹಾಗಾದರೆ ತಯಾರಕನಿಗೆ ತಾನು ಎಂದೂ ನೋಡದ ಗ್ರಾಹಕರ ಬಗ್ಗೆ ಎಚ್ಚರಿಕೆ ವಹಿಸುವ ಕರ್ತವ್ಯ ಇದೆಯೇ ಎಂಬುದೇ ಪ್ರಶ್ನೆ. 1932ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ‘ಇದೆ’ ಎಂದಿತು. ಐವರು ನ್ಯಾಯಾಧೀಶರಲ್ಲಿ ಮೂವರು ಈ ಕಡೆ, ಇಬ್ಬರು ಆ ಕಡೆ. ಗಮನಿಸಬೇಕಾದ ಅಂಶವೆಂದರೆ, ಬಾಟಲಿಯಲ್ಲಿ ಹುಳು ನಿಜವಾಗಿಯೂ ಇತ್ತೇ ಎಂಬುದು ಕೊನೆಗೂ ಸಾಬೀತಾಗಲೇ ಇಲ್ಲ, ಏಕೆಂದರೆ ಹುಳು ಇತ್ತೆಂದು ಇಟ್ಟುಕೊಂಡರೆ ಕಾನೂನು ಏನು ಹೇಳುತ್ತದೆ ಎಂಬುದನ್ನಷ್ಟೇ ಆ ನ್ಯಾಯಾಲಯ ತೀರ್ಮಾನಿಸಿತು. ಸಂಗತಿಯ ಪ್ರಶ್ನೆ ಬೇರೆ, ಕಾನೂನಿನ ಪ್ರಶ್ನೆ ಬೇರೆ ಎಂಬ ಈ ವಿವೇಚನೆಯನ್ನು ಮೊದಲೇ ಅರಿತುಕೊಂಡವರಿಗೆ ಫೌಂಡೇಷನ್ ವರ್ಷದ ಅರ್ಧ ದಾರಿ ಸಲೀಸಾಗುತ್ತದೆ. ಇಬ್ಬರು ಭಿನ್ನಮತೀಯ ನ್ಯಾಯಾಧೀಶರ ಅಭಿಪ್ರಾಯಗಳನ್ನೂ ಬಿಡದೆ ಓದಿ. ಅವರೂ ಸಮರ್ಥರೇ, ಅವರ ಭಯಗಳಿಗೂ ಕಾರಣವಿತ್ತು.

ಪರದೇಶದ ಮೊಕದ್ದಮೆಗಳನ್ನು ಮಾತ್ರ ಓದಬೇಕೆಂದೇನೂ ಇಲ್ಲ. ಇಂಗ್ಲೆಂಡಿನ ಕಾನೂನಿನ ಇತಿಹಾಸದಲ್ಲಿ ಕೊಡಗಿನ ಹೆಸರಿರುವ ಒಂದು ಮುಖ್ಯ ಮೊಕದ್ದಮೆಯೇ ಇದೆ, ಮತ್ತು ನಮ್ಮ ವಿದ್ಯಾರ್ಥಿಗಳು ಅದನ್ನು ಓದದೆ ಲಂಡನ್ನಿಗೆ ಹೋಗಬಾರದೆಂಬುದು ನನ್ನ ಬಲವಾದ ಆಸೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡು ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಕಾಶಿಯಲ್ಲಿ ಬಹುಕಾಲ ಇರಬೇಕಾಗಿ ಬಂದ ಅರಸ 1852ರಲ್ಲಿ ಇಂಗ್ಲೆಂಡಿಗೆ ಹೋಗಿ, ಕಂಪನಿ ತನ್ನಿಂದ ಕಿತ್ತುಕೊಂಡಿದ್ದ ಸಾಲಪತ್ರಗಳ ಹಣ ತನಗೆ ಸಲ್ಲಬೇಕೆಂದು ಅಲ್ಲಿನ ಚಾನ್ಸರಿ ನ್ಯಾಯಾಲಯದ ಮೊರೆಹೋದ. 1859ರಲ್ಲಿ ಅರಸ ಲಂಡನ್ನಿನಲ್ಲಿಯೇ ತೀರಿಕೊಂಡ. 1860ರಲ್ಲಿ ವರದಿಯಾಗಿರುವ ತೀರ್ಪು, ಸಾರ್ವಭೌಮ ಅಧಿಕಾರದ ಬಲದಿಂದ ಯುದ್ಧದಲ್ಲಿ ಮಾಡಿದ ಈ ವಶ ‘ಆಕ್ಟ್ ಆಫ್ ಸ್ಟೇಟ್’ ಆಗಿದ್ದು ನ್ಯಾಯಾಲಯ ಅದನ್ನು ವಿಚಾರಿಸಲಾಗದು ಎಂದು ದಾವೆಯನ್ನು ವಜಾ ಮಾಡಿತು. ಬೀವನ್ಸ್ ರಿಪೋರ್ಟ್ಸ್ ಎಂಬ ತೀರ್ಪುಗಳ ಸಂಗ್ರಹದ 29ನೆಯ ಸಂಪುಟದ 300ನೆಯ ಪುಟದಲ್ಲಿ ಈ ತೀರ್ಪಿದೆ. ಸಂಪುಟ, ವರದಿಯ ಹೆಸರು, ಪುಟ ಎಂಬ ಕ್ರಮದಲ್ಲಿ ತೀರ್ಪನ್ನು ಹುಡುಕುವ ವಿಧಾನವನ್ನೂ ಇದರಿಂದಲೇ ಕಲಿಯಬಹುದು. ಓದಿದ ಮೇಲೆ ನಿಮ್ಮಷ್ಟಕ್ಕೆ ಕೆಲವು ಪ್ರಶ್ನೆಗಳನ್ನು ಹಾಕಿಕೊಳ್ಳಿ. ವ್ಯಾಪಾರದ ಕಂಪನಿಯೊಂದು ಯಾವಾಗ ಸರ್ಕಾರವಾಗುತ್ತದೆ? ಸರ್ಕಾರ ಮಾಡಿದ್ದೆಂಬ ಒಂದೇ ಕಾರಣಕ್ಕೆ ನ್ಯಾಯಾಲಯ ಹಿಂದೆ ಸರಿಯಬಹುದೇ? ಇಂದು ಅದೇ ವಾದವನ್ನು ಸರ್ಕಾರ ತನ್ನ ಪ್ರಜೆಯ ವಿರುದ್ಧ ಹೂಡಲು ಸಾಧ್ಯವೇ? ಇಂಥ ಪ್ರಶ್ನೆಗಳನ್ನು ಹಿಡಿದು ತರಗತಿಗೆ ಹೋಗುವ ವಿದ್ಯಾರ್ಥಿಯ ಮಾತಿಗೆ ಅಲ್ಲಿ ಬೆಲೆಯಿದೆ.

ಹತ್ತಿರದ ಇನ್ನೊಂದು ಉದಾಹರಣೆ ಕೋವಿಯ ವಿನಾಯಿತಿಯದು. 1959ರ ಶಸ್ತ್ರಾಸ್ತ್ರ ಅಧಿನಿಯಮದ ಅಡಿಯಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ಕೊಟ್ಟಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಅದು ಸಂವಿಧಾನದ 14ನೆಯ ವಿಧಿಯ ಸಮಾನತೆಗೆ ವಿರುದ್ಧವೆಂದು ಹೂಡಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿತು. ಕಾನೂನು ಜನರನ್ನು ಬೇರೆ ಬೇರೆ ವರ್ಗಗಳಾಗಿ ನೋಡಬಹುದು, ಆದರೆ ಆ ವರ್ಗಗಳ ನಡುವೆ ಸ್ಪಷ್ಟವಾದ ವ್ಯತ್ಯಾಸವಿರಬೇಕು ಮತ್ತು ಆ ವ್ಯತ್ಯಾಸಕ್ಕೂ ಕಾನೂನಿನ ಉದ್ದೇಶಕ್ಕೂ ಸಂಬಂಧವಿರಬೇಕು ಎಂಬುದು 14ನೆಯ ವಿಧಿಯ ಸ್ಥಾಪಿತ ಪರೀಕ್ಷೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಮನೆಯಲ್ಲಿ ಬೆಳೆದವರಿಗೆ ಇದು ಅಭಿಮಾನದ ವಿಷಯವಾಗಿರುವುದು ಸಹಜ. ಆದ್ದರಿಂದಲೇ ಇದು ಒಳ್ಳೆಯ ಅಭ್ಯಾಸ: ವಿನಾಯಿತಿಯ ಪರವಾಗಿ ಒಂದು ಪುಟ, ವಿರುದ್ಧವಾಗಿ ಅಷ್ಟೇ ಶ್ರದ್ಧೆಯಿಂದ ಇನ್ನೊಂದು ಪುಟ ಬರೆಯಿರಿ, ಎರಡನೆಯ ಪುಟ ದುರ್ಬಲವಾಗಿದೆಯೆಂದು ನಿಮಗೇ ಅನ್ನಿಸಿದರೆ ಅದನ್ನು ಹರಿದು ಮತ್ತೊಮ್ಮೆ ಬರೆಯಿರಿ. ಜಮ್ಮಾ ಬಾಣೆಯ ಹಕ್ಕು, ಒಕ್ಕದ (ಕೊಡವ ಕೂಡುಕುಟುಂಬದ) ಆಸ್ತಿಯ ವಿಭಜನೆ, ನಾಗರಹೊಳೆಯ ಜೇನುಕುರುಬರಿಗೂ ಯರವರಿಗೂ 2006ರ ಅರಣ್ಯ ಹಕ್ಕು ಅಧಿನಿಯಮದಿಂದ ದೊರೆಯಬೇಕಾದ ಹಕ್ಕುಗಳು, ಇವೆಲ್ಲವೂ ಇದೇ ರೀತಿಯಲ್ಲಿ ಓದಿ ಬರೆಯಬಹುದಾದ ವಿಷಯಗಳು. ಮಡಿಕೇರಿಯಿಂದ ಬರುವ ‘ಶಕ್ತಿ’ ಪತ್ರಿಕೆಯಲ್ಲಿ ಜಮೀನಿನ, ಅರಣ್ಯದ, ನ್ಯಾಯಾಲಯದ ಸುದ್ದಿ ಕಂಡಾಗ, ಇದರ ಹಿಂದಿರುವ ಕಾನೂನು ಯಾವುದು ಎಂದು ಹುಡುಕಿ ಮೂಲವನ್ನು ಓದುವ ರೂಢಿ ಮಾಡಿಕೊಳ್ಳಿ. ಕರ್ನಾಟಕದ ಅಧಿನಿಯಮಗಳು ಕನ್ನಡದಲ್ಲಿಯೂ ಪ್ರಕಟವಾಗಿರುವುದರಿಂದ ಎರಡು ಭಾಷೆಗಳ ಪಾಠವನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಕಾನೂನಿನ ಇಂಗ್ಲಿಷ್ ಬೇಗ ಪಳಗುತ್ತದೆ.

ನ್ಯಾಯಾಲಯಕ್ಕೂ ಹೋಗಿ ಕುಳಿತುಕೊಳ್ಳಬೇಕು. ನಮ್ಮ ನ್ಯಾಯಾಲಯಗಳು, ಕಾನೂನು ಗೋಪ್ಯತೆಯನ್ನು ವಿಧಿಸುವ ಕೆಲವು ಪ್ರಕರಣಗಳನ್ನು ಬಿಟ್ಟರೆ, ಸಾರ್ವಜನಿಕರಿಗೆ ತೆರೆದಿವೆ. ಮಡಿಕೇರಿಯ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯದಲ್ಲಿ ಸಿಬ್ಬಂದಿಯ ಅನುಮತಿ ಕೇಳಿ, ಮೊಬೈಲನ್ನು ಬಂದ್ ಮಾಡಿ, ಹಿಂದಿನ ಸಾಲಿನಲ್ಲಿ ಕುಳಿತು ಒಂದು ಪಾಟೀಸವಾಲನ್ನು ಆಲಿಸಿ. ಪರಿಚಯದ ವಕೀಲರೊಬ್ಬರು ಒಪ್ಪಿದರೆ ಬೇಸಿಗೆ ರಜೆಯ ಮೊದಲು ಕೆಲವು ದಿನ ಅವರ ಕಚೇರಿಯಲ್ಲಿ ಕಡತಗಳನ್ನು ಜೋಡಿಸುತ್ತ ಕುಳಿತರೂ ಸಾಕು. ದಾವಾಪತ್ರ, ಪ್ರತಿವಾದಪತ್ರ, ವಕಾಲತ್ತು ಎಂಬ ಕಾಗದಗಳು ಯಾವ ಕ್ರಮದಲ್ಲಿ ಹುಟ್ಟುತ್ತವೆ ಎಂಬುದು ತಿಳಿಯುತ್ತದೆ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಕಲಾಪಗಳು 2022ರ ಸೆಪ್ಟೆಂಬರಿನಿಂದ ನೇರಪ್ರಸಾರವಾಗುತ್ತಿವೆ, ಬ್ರಿಟನ್ನಿನ ಸುಪ್ರೀಂ ಕೋರ್ಟೂ ತನ್ನ ವಿಚಾರಣೆಗಳನ್ನು ಪ್ರಸಾರ ಮಾಡುತ್ತದೆ. ಎರಡನ್ನೂ ನೋಡಿ, ನ್ಯಾಯಾಧೀಶರು ವಕೀಲರ ಮಾತನ್ನು ಎಲ್ಲಿ ತಡೆದು ಏನು ಕೇಳುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ಬರೆಯುವ ಅಭ್ಯಾಸ

ಕಾನೂನಿನ ಸಮಸ್ಯೆಗೆ ಉತ್ತರ ಬರೆಯುವಾಗ ಮೊದಲು ವಿವಾದದ ಅಂಶ, ನಂತರ ಅದಕ್ಕೆ ಅನ್ವಯಿಸುವ ನಿಯಮ, ನಂತರ ಆ ನಿಯಮವನ್ನು ಸಂಗತಿಗಳಿಗೆ ಹೊಂದಿಸುವುದು, ಕೊನೆಗೆ ತೀರ್ಮಾನ ಎಂಬ ಕ್ರಮವನ್ನು ಅಲ್ಲಿ ಕಲಿಸುತ್ತಾರೆ. ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ನಿಯಮವನ್ನು ಚೆನ್ನಾಗಿ ಬರೆದು, ಹೊಂದಿಸುವ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಅಂಕಗಳಿರುವುದು ಅಲ್ಲಿಯೇ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು ಅಥವಾ ಮಲಯಾಳ ಮಾತನಾಡುತ್ತ, ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಮೂರನೆಯ ಭಾಷೆಯಾಗಿರಬಹುದು, ಅದರಿಂದ ಹಿಂಜರಿಯಬೇಕಿಲ್ಲ. ವಾದದ ಹಂತಗಳನ್ನು ಮೊದಲು ಕನ್ನಡದಲ್ಲಿ ಸ್ಪಷ್ಟಪಡಿಸಿಕೊಂಡು, ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಕಾನೂನಿನ ಬರಹಕ್ಕೆ ಅಲಂಕಾರದ ಇಂಗ್ಲಿಷ್ ಬೇಡ, ತಪ್ಪು ಅರ್ಥಕ್ಕೆ ಎಡೆಗೊಡದ ಇಂಗ್ಲಿಷ್ ಬೇಕು. ಬರೆದದ್ದನ್ನು ಕಾಲೇಜಿನ ಇಂಗ್ಲಿಷ್ ಉಪನ್ಯಾಸಕರಿಗೆ ತೋರಿಸಿ, ಎಲ್ಲಿ ಅರ್ಥವಾಗಲಿಲ್ಲ ಎಂದು ಗುರುತು ಹಾಕಿಸಿಕೊಳ್ಳಿ.

ಬೇರೆಯವರ ವಾಕ್ಯವನ್ನು ಹೆಸರು ಹೇಳದೆ ಬಳಸುವುದು ಅಲ್ಲಿ ಗಂಭೀರವಾದ ಅಪರಾಧ. ಗೈಡುಗಳಿಂದ ಉತ್ತರವನ್ನು ಇಳಿಸಿಕೊಳ್ಳುವ ಅಭ್ಯಾಸವಿದ್ದವರು ಅದನ್ನು ಈಗಲೇ ಬಿಡಬೇಕು. ಓದಿದ್ದನ್ನು ಟಿಪ್ಪಣಿ ಮಾಡುವಾಗಲೇ ಇದು ಯಾರ ಮಾತು, ಯಾವ ಪುಟದ್ದು ಎಂದು ಬರೆದಿಟ್ಟುಕೊಂಡರೆ, ಮುಂದೆ ಆಸ್ಕೋಲಾ ಎಂಬ ಕಾನೂನಿನ ಉಲ್ಲೇಖ ಪದ್ಧತಿಯನ್ನು ಕಲಿಯುವುದು ಸುಲಭವಾಗುತ್ತದೆ.

ಕೆಲವು ವಿಶ್ವವಿದ್ಯಾಲಯಗಳು ಎಲ್‌ಎಲ್‌ಬಿಗೆ ನೇರ ಪ್ರವೇಶ ಕೊಡಲು ಎಲ್‌ನ್ಯಾಟ್ ಪರೀಕ್ಷೆಯನ್ನು ಕೇಳುತ್ತವೆ. ಅದರಲ್ಲಿ 12 ಗದ್ಯಭಾಗಗಳ ಮೇಲೆ 42 ಪ್ರಶ್ನೆಗಳಿಗೆ 95 ನಿಮಿಷ, ಪ್ರಬಂಧವೊಂದಕ್ಕೆ 40 ನಿಮಿಷ. ನಿಮಗೆ ಈ ಪರೀಕ್ಷೆ ಬೇಕಿಲ್ಲದಿದ್ದರೂ ಅದರ ಮಾದರಿ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸುವುದು ಉತ್ತಮ ವ್ಯಾಯಾಮ. ಭಾರತದಲ್ಲಿಯೇ ಐದು ವರ್ಷಗಳ ಪದವಿಗಾಗಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಬರೆಯುವವರಿಗೂ ಇದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳಿರುವ ಕ್ಲ್ಯಾಟ್ ಕೂಡ ಗದ್ಯಭಾಗವನ್ನು ಓದಿ ತರ್ಕಿಸುವ ಪರೀಕ್ಷೆಯೇ.

ಕಾಗದಪತ್ರ, ಹಣ ಮತ್ತು ಕೊಡಗಿನ ಋತುಗಳು

ಬ್ರಿಟನ್ನಿನ ಪದವಿ ಪ್ರವೇಶದ ಅರ್ಜಿಗಳು ಬಹುಪಾಲು ಯುಕಾಸ್ ಎಂಬ ಕೇಂದ್ರೀಯ ಪ್ರವೇಶ ಸಂಸ್ಥೆಯ ಮೂಲಕ ಹೋಗುತ್ತವೆ. ಒಂದು ಅರ್ಜಿಯಲ್ಲಿ ಐದು ಆಯ್ಕೆಗಳಿಗೆ ಅವಕಾಶವಿದ್ದು, ಮುಖ್ಯ ಗಡುವು ಜನವರಿಯಲ್ಲಿ ಬರುತ್ತದೆ. ಪ್ರತ್ಯೇಕವಾಗಿ ನಡೆಯುವ ವಿದೇಶಿ ವಿದ್ಯಾರ್ಥಿಗಳ ಫೌಂಡೇಷನ್ ಕೋರ್ಸುಗಳಿಗೆ ಅನೇಕ ಕಡೆ ನೇರವಾಗಿಯೇ ಅರ್ಜಿ ಹಾಕಬೇಕು. ಯುಕಾಸ್ ಅರ್ಜಿಯ ವೈಯಕ್ತಿಕ ಹೇಳಿಕೆ 2026ರ ಪ್ರವೇಶದಿಂದ ಮೂರು ಪ್ರಶ್ನೆಗಳ ರೂಪ ಪಡೆದಿದೆ: ಈ ವಿಷಯವನ್ನು ಏಕೆ ಓದಬಯಸುತ್ತೀರಿ, ಈವರೆಗಿನ ಓದು ನಿಮ್ಮನ್ನು ಹೇಗೆ ಸಿದ್ಧಗೊಳಿಸಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ. ಒಟ್ಟು 4000 ಅಕ್ಷರಗಳ ಮಿತಿಯಿದೆ. ನ್ಯಾಯಕ್ಕಾಗಿ ಹೋರಾಡುವುದು ಬಾಲ್ಯದ ಕನಸು ಎಂಬ ವಾಕ್ಯ ಸಾವಿರಾರು ಅರ್ಜಿಗಳಲ್ಲಿರುತ್ತದೆ. ನ್ಯಾಯಾಲಯದ ಹಿಂದಿನ ಸಾಲಿನಲ್ಲಿ ಕುಳಿತು ಕಂಡದ್ದು, ಅರಸನ ಮೊಕದ್ದಮೆಯನ್ನು ಓದಿ ಎದ್ದ ಪ್ರಶ್ನೆ, ಇವು ನಿಮ್ಮ ಅರ್ಜಿಯಲ್ಲಿ ಮಾತ್ರ ಇರುತ್ತವೆ.

ಹೆಸರಿನ ವಿಷಯದಲ್ಲಿ ಕೊಡಗಿನವರು ವಿಶೇಷ ಎಚ್ಚರ ವಹಿಸಬೇಕು. ಕೊಡವರ ಹೆಸರುಗಳಲ್ಲಿ ಮನೆಪೆದ (ಮನೆತನದ ಹೆಸರು) ಮೊದಲು ಬಂದು, ಸ್ವಂತ ಹೆಸರೂ ತಂದೆಯ ಹೆಸರೂ ಅದರ ನಂತರ ಬರುತ್ತವೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮನೆಪೆದ ಒಂದೇ ಅಕ್ಷರವಾಗಿ ಕುಗ್ಗಿ, ಆಧಾರಿನಲ್ಲಿ ಕೊನೆಗೆ ಹೋಗಿ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಸರ್‌ನೇಮ್ ಆಗಿ ಕುಳಿತಿರುವುದುಂಟು. ಬ್ರಿಟನ್ನಿನ ಪ್ರವೇಶದಲ್ಲಿಯೂ ವೀಸಾದಲ್ಲಿಯೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಆಧಾರವಾದ್ದರಿಂದ, ಎಲ್ಲ ದಾಖಲೆಗಳಲ್ಲಿ ಅಕ್ಷರವೂ ಕ್ರಮವೂ ಒಂದೇ ಆಗಿರುವಂತೆ ಪಿಯುಸಿಯ ಮೊದಲ ವರ್ಷದಲ್ಲಿಯೇ ತಿದ್ದಿಸಿಕೊಳ್ಳುವುದು ಉತ್ತಮ.

ಇಂಗ್ಲಿಷ್ ಪರೀಕ್ಷೆಗೆ ಕೂರುವಾಗ ಒಂದು ಸೂಕ್ಷ್ಮವಿದೆ. ಪದವಿಗಿಂತ ಕೆಳಗಿನ ಹಂತದ ಕೋರ್ಸಿಗೆ ವೀಸಾ ಪಡೆಯುವವರಿಗೆ ಸಾಮಾನ್ಯ ಐಇಎಲ್‌ಟಿಎಸ್ ಸಾಲದೆ, ಬ್ರಿಟನ್ನಿನ ವೀಸಾ ಇಲಾಖೆಯಾದ ಯುಕೆವಿಐಗೆಂದು ಪ್ರತ್ಯೇಕವಾಗಿ ನಡೆಸುವ ಐಇಎಲ್‌ಟಿಎಸ್ ಬೇಕಾಗುತ್ತದೆ. ಯಾವುದು ಬೇಕೆಂದು ವಿಶ್ವವಿದ್ಯಾಲಯವನ್ನು ಕೇಳಿದ ಮೇಲೆಯೇ ಶುಲ್ಕ ಕಟ್ಟಿ. ಕ್ಷಯರೋಗ ಪರೀಕ್ಷೆಯ ಪ್ರಮಾಣಪತ್ರವೂ ಬೇಕು. ಹದಿನೆಂಟು ತುಂಬದವರಿಗೆ ತಂದೆತಾಯಿಗಳ ಲಿಖಿತ ಒಪ್ಪಿಗೆ ಮತ್ತು ಅಲ್ಲಿನ ವಾಸದ ಏರ್ಪಾಡಿನ ವಿವರ ಬೇಕು.

ಹಣದ ವಿಷಯದಲ್ಲಿ ಕಾಫಿಯ ಲೆಕ್ಕವನ್ನೂ ವೀಸಾದ ಲೆಕ್ಕವನ್ನೂ ಹೊಂದಿಸಿಕೊಳ್ಳಬೇಕಾಗುತ್ತದೆ. ಶುಲ್ಕದ ಬಾಕಿ ಮತ್ತು ಒಂಬತ್ತು ತಿಂಗಳವರೆಗಿನ ಜೀವನವೆಚ್ಚ ಖಾತೆಯಲ್ಲಿ ಸತತವಾಗಿ 28 ದಿನ ಇರಬೇಕು, ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗಬಹುದು. ಅರೇಬಿಕಾದ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾದ್ದು ಜನವರಿಯಿಂದ ಮಾರ್ಚ್‌ವರೆಗೆ ನಡೆಯುವುದರಿಂದ, ಬೆಳೆಯ ಹಣವನ್ನೇ ನಂಬಿರುವ ಮನೆಗಳು ಏಪ್ರಿಲ್‌ನಲ್ಲಿ ಕೈಗೆ ಬಂದದ್ದನ್ನು ತೋಟದ ಖರ್ಚಿಗೆ ಹಂಚುವ ಮೊದಲೇ ಈ ಭಾಗವನ್ನು ಬೇರೆಯಾಗಿ ಇಡಬೇಕು. ಜೊತೆಗೆ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡುಗಳ ಆರೋಗ್ಯ ಶುಲ್ಕವನ್ನು ವೀಸಾದ ಪೂರ್ಣ ಅವಧಿಗೆ ಮುಂಗಡವಾಗಿ ಕಟ್ಟಬೇಕು. ಬ್ಯಾಂಕಿನ ಶೈಕ್ಷಣಿಕ ಸಾಲಕ್ಕೆ ತೋಟವನ್ನು ಆಧಾರವಾಗಿ ಕೊಡುವ ಆಲೋಚನೆ ಇದ್ದರೆ ಪಹಣಿಯನ್ನು ಮೊದಲು ನೋಡಿ. ಒಕ್ಕದ ಹಲವರ ಹೆಸರು ಜಂಟಿಯಾಗಿದ್ದಲ್ಲಿ ಎಲ್ಲರ ಒಪ್ಪಿಗೆ ಅಥವಾ ವಿಭಾಗಪತ್ರವಿಲ್ಲದೆ ಮುಂದುವರಿಯುವುದು ಕಷ್ಟ, ಮತ್ತು ಇಂಥ ಮಾತುಕತೆಗೆ ತಿಂಗಳುಗಳೇ ಹಿಡಿಯುತ್ತವೆ.

ತರಗತಿಗಳು ಸೆಪ್ಟೆಂಬರಿನಲ್ಲಿ ಆರಂಭವಾಗುವುದರಿಂದ ವೀಸಾದ ಓಡಾಟವೆಲ್ಲ ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ನಮ್ಮ ಜೋರು ಮಳೆಯ ತಿಂಗಳುಗಳಲ್ಲಿ ಬರುತ್ತದೆ. ದಿನಗಟ್ಟಲೆ ಕರೆಂಟು, ನೆಟ್‌ವರ್ಕ್ ಇಲ್ಲದಿರುವುದು, ರಸ್ತೆ ಮುಚ್ಚುವುದು ಹೊಸದೇನಲ್ಲ. 2018ರ ಆಗಸ್ಟಿನ ಭೂಕುಸಿತಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಂಗಳೂರಿನ ವೀಸಾ ಕೇಂದ್ರದ ಭೇಟಿಗೆ ಹಿಂದಿನ ದಿನವೇ ಮೈಸೂರು ದಾಟಿರುವಂತೆ ಯೋಜಿಸಿ. ಮಳೆಗಾಲದಲ್ಲಿ ಓದಬೇಕೆಂದಿರುವ ತೀರ್ಪುಗಳನ್ನು ಮೇ ತಿಂಗಳಲ್ಲಿಯೇ ಮುದ್ರಿಸಿಟ್ಟುಕೊಳ್ಳಿ.

ಅಲ್ಲಿ ಸೇರಿದ ಮೇಲೆ

ಮೊದಲ ಪ್ರಬಂಧಕ್ಕೆ 58 ಅಂಕ ಬಂದಾಗ ಅನೇಕರು ಕುಗ್ಗುತ್ತಾರೆ. ಪಿಯುಸಿಯಲ್ಲಿ 90 ದಾಟಿದವರಿಗೆ ಹಾಗನ್ನಿಸುವುದು ಸಹಜ, ಆದರೆ ಅಲ್ಲಿ 70ಕ್ಕೆ ಪ್ರಥಮ ದರ್ಜೆ, 60ರಿಂದ 69 ಬಹಳ ಒಳ್ಳೆಯ ಫಲಿತಾಂಶ, 40 ಸಾಮಾನ್ಯವಾಗಿ ಪಾಸಿನ ಗಡಿ. ಹಾಗೆಂದು 40ರಲ್ಲಿ ಸಮಾಧಾನಪಡುವಂತೆಯೂ ಇಲ್ಲ, ಏಕೆಂದರೆ ಎಲ್‌ಎಲ್‌ಬಿಗೆ ಮುಂದುವರಿಯಲು ಬೇಕಾದ ಅಂಕ ಅನೇಕ ಕಡೆ ಅದಕ್ಕಿಂತ ಮೇಲಿರುತ್ತದೆ. ಅಂಕದ ಜೊತೆ ಬರುವ ಟಿಪ್ಪಣಿಯನ್ನು ಹಿಡಿದುಕೊಂಡು ಅಧ್ಯಾಪಕರು ವಿದ್ಯಾರ್ಥಿಗಳಿಗೆಂದು ಮೀಸಲಿಡುವ ಸಮಯದಲ್ಲಿ ಹೋಗಿ, ಯಾವ ಪ್ಯಾರಾದಲ್ಲಿ ವಾದ ಸಡಿಲವಾಯಿತು ಎಂದು ಕೇಳಿ. ಗುರುಗಳನ್ನು ಹೀಗೆ ಪ್ರಶ್ನಿಸುವುದು ಅಗೌರವವಾಗುತ್ತದೆಂಬ ಸಂಕೋಚ ನಮ್ಮ ಮಕ್ಕಳಲ್ಲಿ ಹೆಚ್ಚು. ಅಲ್ಲಿ ಅದನ್ನು ಆಸಕ್ತಿಯ ಗುರುತಾಗಿ ಕಾಣುತ್ತಾರೆ. ಸೆಮಿನಾರಿಗೆ ಓದದೆ ಹೋಗಬೇಡಿ. ಉಪನ್ಯಾಸದಲ್ಲಿ ಕೇಳಿ ಕಲಿಯುವುದು ಸ್ವಲ್ಪ, ಓದಿ ಬಂದು ಸೆಮಿನಾರಿನಲ್ಲಿ ಮಾತನಾಡಿ ಕಲಿಯುವುದೇ ಹೆಚ್ಚು.

ಭಾರತಕ್ಕೆ ಮರಳುವ ಸಾಧ್ಯತೆ ಅಲ್ಪವಾಗಿ ಇದ್ದರೂ, ಫೌಂಡೇಷನ್ ವರ್ಷದಿಂದ ಹಿಡಿದು ಪ್ರತಿ ವರ್ಷದ ಅಂಕಪಟ್ಟಿ, ಪ್ರತಿ ವಿಷಯದ ಪಠ್ಯಕ್ರಮ, ತರಗತಿಗೆ ಹಾಜರಾಗಿ ಪೂರ್ಣಾವಧಿ ಓದಿದ್ದಕ್ಕೆ ವಿಶ್ವವಿದ್ಯಾಲಯದ ಪತ್ರ, ಇಷ್ಟನ್ನೂ ಆಯಾ ವರ್ಷವೇ ಪಡೆದು ಒಂದು ಪ್ರತಿಯನ್ನು ಊರಿನ ಮನೆಯಲ್ಲಿಡಿ. ವಕೀಲರ ಪರಿಷತ್ತಿನ ಮುಂದೆ ಪದವಿಯ ಸಮಾನತೆಯನ್ನು ತೋರಿಸಬೇಕಾದ ದಿನ ಇವೇ ಬೇಕಾಗುತ್ತವೆ, ಮತ್ತು ಪದವಿ ಮುಗಿದು ಕೆಲವು ವರ್ಷಗಳಾದ ಮೇಲೆ ಹಳೆಯ ಪಠ್ಯಕ್ರಮವನ್ನು ದೂರದಿಂದ ತರಿಸಿಕೊಳ್ಳುವುದು ಬಹಳ ಕಷ್ಟದ ಕೆಲಸ.